ಅಂಗೈ ಲಿನಕ್ಸ್ ಕಂಪ್ಯೂಟರಿಗೆ ಫೋನ್ ಕರೆ ಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರ್ ಕೈಗೆ ಬಂದ ವಾರದೊಳಗೆ ಹೆಚ್ಚಿನವರಿಗೆ ಒಂದು ಯೋಚನೆ ಬರುತ್ತದೆ. ಪರದೆ ಇದೆ, ಕೀಲಿಮಣೆ ಇದೆ, ಬ್ಯಾಟರಿ ಇದೆ. ಇದರಿಂದಲೇ ಫೋನ್ ಮಾಡುವಂತಾದರೆ ಜೇಬಿನಲ್ಲಿ ಇನ್ನೊಂದು ಯಾಕೆ? ನನಗೂ ಆ ಯೋಚನೆ ಬಂತು, ಅದರ ಬೆನ್ನು ಹತ್ತಿ ಸಾಕಷ್ಟು ರಜಾದಿನಗಳನ್ನೂ ಕಳೆದುಕೊಂಡೆ. ಆ ದಾರಿಯಲ್ಲಿ ನಾನು ಕೇಳಿದ, ಆಮೇಲೆ ನನ್ನನ್ನು ಬೇರೆಯವರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಕರೆ ಮಾಡುವುದು ಸುಲಭ, ಕರೆಯಲ್ಲಿ ಮಾತು ಕೇಳಿಸುವಂತೆ ಮಾಡುವುದು ಕಷ್ಟ. ಉತ್ತರಗಳ ಉದ್ದವೂ ಅದೇ ಲೆಕ್ಕದಲ್ಲಿದೆ.

ಆದೇಶಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲೇ ಒತ್ತಬೇಕು.

ನನ್ನ ಕಂಪ್ಯೂಟರಿನಲ್ಲಿ ಸಿಮ್ ಹಾಕುವ ಜಾಗ ಇದೆ. ಅಷ್ಟಿದ್ದರೆ ಸಾಲದೆ?

ಸಾಲದು. ಸಿಮ್ ಎಂಬುದು ಗುರುತಿನ ಚೀಟಿ ಮಾತ್ರ. ಗೋಪುರದೊಡನೆ ಮಾತನಾಡುವುದು ಮೋಡೆಮ್. ಅದು ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ, ತನ್ನದೇ ತಂತ್ರಾಂಶ ಇರುವ ಇನ್ನೊಂದು ಕಂಪ್ಯೂಟರ್. ಪೈನ್‌ಫೋನ್ ಎಂಬ ಲಿನಕ್ಸ್ ಫೋನಿನಲ್ಲಿರುವ ಕ್ವೆಕ್ಟೆಲ್ ಇಜಿ25-ಜಿ ಮೋಡೆಮ್ ಒಳಗೊಳಗೇ ಇನ್ನೊಂದು ಲಿನಕ್ಸ್ ಅನ್ನು ಓಡಿಸುತ್ತದೆ. ಅಂದರೆ ಆ ಫೋನ್ ಹಿಡಿದವನ ಕೈಯಲ್ಲಿ ಎರಡು ಲಿನಕ್ಸ್ ಕಂಪ್ಯೂಟರುಗಳಿವೆ, ನಡುವೆ ಒಂದು ಯುಎಸ್‌ಬಿ ಸಂಪರ್ಕ.

ಇದು ಒಮ್ಮೆ ಮನಸ್ಸಿಗೆ ಬಂದರೆ ಮುಂದಿನ ಅರ್ಧ ಗೊಂದಲ ತಾನಾಗಿಯೇ ಕರಗುತ್ತದೆ. ನಿಮ್ಮ ಕಂಪ್ಯೂಟರ್ ಕರೆ ಮಾಡುವುದಿಲ್ಲ. ಕರೆ ಮಾಡು ಎಂದು ಮೋಡೆಮ್‌ಗೆ ಹೇಳುತ್ತದೆ, ಅಷ್ಟೆ.

ಇದನ್ನು ಹಿಂದೆ ಯಾರಾದರೂ ಮಾಡಿದ್ದಾರೆಯೇ, ನಾವೇ ಮೊದಲಿಗರೇ?

ಮೊದಲಿಗರು ಖಂಡಿತ ಅಲ್ಲ. ಓಪನ್‌ಮೊಕೊ ಯೋಜನೆಯ ನಿಯೊ 1973 ಎಂಬ ಲಿನಕ್ಸ್ ಫೋನ್ 2007ರಲ್ಲೇ ಬಂದಿತ್ತು. ಮಾರ್ಟಿನ್ ಕೂಪರ್ ಕೈಯಲ್ಲಿ ಹಿಡಿಯುವ ಮೊಬೈಲ್‌ನಿಂದ ಮೊದಲ ಕರೆ ಮಾಡಿದ ವರ್ಷವೇ ಅದರ ಹೆಸರಾಯಿತು. ಮರುವರ್ಷ ನಿಯೊ ಫ್ರೀರನ್ನರ್ ಬಂತು. ನೋಕಿಯಾದ ಕಥೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. 770, ಎನ್800, ಎನ್810 ಎಂಬ ಅದರ ಲಿನಕ್ಸ್ ಟ್ಯಾಬ್ಲೆಟ್‌ಗಳಲ್ಲಿ ಮೊಬೈಲ್ ಜಾಲದ ಕರೆಯ ಸೌಲಭ್ಯವೇ ಇರಲಿಲ್ಲ. 2009ರ ಎನ್900ರಲ್ಲಿ ಕೊನೆಗೂ ಮೋಡೆಮ್ ಸೇರಿತು. ಆಮೇಲೆ ಲಿಬ್ರೆಮ್ 5, ಪೈನ್‌ಫೋನ್ ಬಂದವು. ಕ್ಲಾಕ್‌ವರ್ಕ್‌ಪೈನ ಯುಕನ್ಸೋಲ್‌ನಂಥ ಕೀಲಿಮಣೆಯ ಉಪಕರಣಗಳಿಗೆ 4ಜಿ ಮಂಡಲಿಯನ್ನು (ಸರ್ಕ್ಯೂಟ್ ಬೋರ್ಡ್) ಪ್ರತ್ಯೇಕವಾಗಿ ಸೇರಿಸಬಹುದು.

ಈ ಎಲ್ಲರೂ ಬಿದ್ದ ಗುಂಡಿಗಳು ಹೆಚ್ಚುಕಡಿಮೆ ಒಂದೇ. ಹಳೆಯವರ ಟಿಪ್ಪಣಿಗಳನ್ನು ಓದಿದರೆ ನಿಮ್ಮ ಸಮಯ ಉಳಿಯುತ್ತದೆ.

ಯಾವ ಮೋಡೆಮ್ ಕೊಳ್ಳಬೇಕು?

ಮೊದಲು ನೋಡಬೇಕಾದದ್ದು ವೇಗವನ್ನಲ್ಲ, ಬ್ರಾಂಡ್ ಅನ್ನೂ ಅಲ್ಲ. «ಧ್ವನಿ ಕರೆ ಇದೆಯೇ?» ಈ ಒಂದು ಪ್ರಶ್ನೆ ಕೇಳದೆ ಕೈ ಸುಟ್ಟುಕೊಂಡವರು ಬಹಳ ಮಂದಿ, ನಾನೂ ಸೇರಿದಂತೆ. ಲ್ಯಾಪ್‌ಟಾಪ್‌ಗಳಿಗೆಂದು ತಯಾರಾಗುವ ಎಂ.2 ಕಾರ್ಡ್‌ಗಳಲ್ಲಿ ಹೆಚ್ಚಿನವು ಇಂಟರ್‌ನೆಟ್‌ಗೆ ಮಾತ್ರ. ಒಂದೇ ಹೆಸರಿನ ಮಾಡ್ಯೂಲ್ (ಮೋಡೆಮ್ ಇರುವ ಬಿಲ್ಲೆ) ಕೂಡ ಎರಡು ಅವತಾರಗಳಲ್ಲಿ ಸಿಗುತ್ತದೆ: ಡೇಟಾ ಮಾತ್ರ ಇರುವುದು ಒಂದು, ಧ್ವನಿಯೂ ಇರುವುದು ಇನ್ನೊಂದು. ವ್ಯತ್ಯಾಸ ಹೆಸರಿನ ಕೊನೆಯ ಎರಡು ಮೂರು ಅಕ್ಷರಗಳಲ್ಲಿ ಅಡಗಿರುತ್ತದೆ. ಅಂಗಡಿಯ ವಿವರಣೆಯನ್ನು ನಂಬಬೇಡಿ, ತಯಾರಕರ ದಾಖಲೆಯನ್ನು ತೆರೆದು ಪೂರ್ಣ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ.

ಎರಡನೆಯದು ಧ್ವನಿ ಹೊರಬರುವ ದಾರಿ. ಮಾಡ್ಯೂಲ್ ಒಳಗೆ ಧ್ವನಿ ಇದ್ದು, ನಿಮ್ಮ ಮಂಡಲಿಯಲ್ಲಿ ಅದರ ಪಿಸಿಎಂ ತಂತಿಗಳನ್ನು (ಡಿಜಿಟಲ್ ಧ್ವನಿ ಸಾಗುವ ತಂತಿಗಳು) ಎಲ್ಲಿಗೂ ಜೋಡಿಸದೆ ಬಿಟ್ಟಿರಬಹುದು. ಯುಎಸ್‌ಬಿಯ ಮೂಲಕವೇ ಧ್ವನಿ ಕೊಡಬಲ್ಲ ಮಾಡ್ಯೂಲ್ ಆದರೆ ಈ ಚಿಂತೆ ಇಲ್ಲ. ಕ್ವೆಕ್ಟೆಲ್ ಇಜಿ25-ಜಿ, ಸಿಮ್‌ಕಾಮ್ ಸಿಮ್7600 ಇವೆರಡರಲ್ಲೂ ಆ ವ್ಯವಸ್ಥೆ ಇದೆ. ನನ್ನ ಸಲಹೆ ಕೇಳುವುದಾದರೆ, ಮೊದಲ ಪ್ರಯತ್ನಕ್ಕೆ ಇಂಥದ್ದನ್ನೇ ತೆಗೆದುಕೊಳ್ಳಿ.

ಮೂರನೆಯದು ತರಂಗ ಪಟ್ಟಿ, ಅಂದರೆ ಬ್ಯಾಂಡ್. ಒಂದು ಪ್ರದೇಶಕ್ಕೆಂದು ಮಾಡಿದ ಮಾಡ್ಯೂಲ್ ಇನ್ನೊಂದು ಪ್ರದೇಶದ ಜಾಲದಲ್ಲಿ ಅರೆಬರೆ ಹಿಡಿಯಬಹುದು, ಹಿಡಿಯದೆಯೂ ಇರಬಹುದು. ನಿಮ್ಮ ಸಿಮ್ ಕಂಪನಿ ಬಳಸುವ ಬ್ಯಾಂಡ್‌ಗಳ ಸಂಖ್ಯೆಗಳನ್ನು ಮಾಡ್ಯೂಲ್ ಹಿಡಿಯುವ ಬ್ಯಾಂಡ್‌ಗಳ ಸಂಖ್ಯೆಗಳ ಪಕ್ಕ ಇಟ್ಟು ನೋಡಿ.

ಮೂಲೆಯಲ್ಲಿ ಹಳೆಯ ಯುಎಸ್‌ಬಿ ಡಾಂಗಲ್ ಬಿದ್ದಿದೆ. ಅದರಿಂದ ಆಗುತ್ತದೆಯೇ?

ಆಗಬಹುದು. ಹುವಾವೇಯ ಹಳೆಯ 3ಜಿ ಡಾಂಗಲ್‌ಗಳಲ್ಲಿ ಕೆಲವು ಧ್ವನಿಯನ್ನೂ ಕೊಡುತ್ತವೆ. ಆಸ್ಟರಿಸ್ಕ್ ಎಂಬ ದೂರವಾಣಿ ತಂತ್ರಾಂಶದ ಜೊತೆ ಅವನ್ನು ಬಳಸುವವರೇ ಇದ್ದಾರೆ. ಆದರೆ ನಿಮ್ಮ ಊರಿನ ಜಾಲದಲ್ಲಿ 2ಜಿ, 3ಜಿ ಇನ್ನೂ ಉಸಿರಾಡುತ್ತಿರಬೇಕು. ಕಲಿಯುವುದಕ್ಕೆ ಒಳ್ಳೆಯದು, ನೆಚ್ಚಿಕೊಳ್ಳುವುದಕ್ಕಲ್ಲ.

ಸಿಗ್ನಲ್ ಹುಡುಕುವಾಗ ಕಂಪ್ಯೂಟರ್ ತಾನಾಗಿಯೇ ಆರಿಹೋಗುತ್ತದೆ. ಯಾಕೆ?

ಹಸಿವು. ಮೋಡೆಮ್ ಸರಾಸರಿ ಎಷ್ಟು ವಿದ್ಯುತ್ ಕುಡಿಯುತ್ತದೆ ಎಂಬುದು ಮುಖ್ಯವಲ್ಲ, ಒಂದೇ ಗುಟುಕಿಗೆ ಎಷ್ಟು ಕುಡಿಯುತ್ತದೆ ಎಂಬುದು ಮುಖ್ಯ. 2ಜಿಯಲ್ಲಿ ಪ್ರಸಾರದ ಶಕ್ತಿ 2 ವಾಟ್‌ವರೆಗೆ ಏರುತ್ತದೆ, ಆ ಕ್ಷಣದಲ್ಲಿ ವಿದ್ಯುತ್ ಸುಮಾರು 2 ಆಂಪಿಯರ್ ಮುಟ್ಟುತ್ತದೆ. ಸಾಮಾನ್ಯ ಯುಎಸ್‌ಬಿ 2 ಕಿಂಡಿಯ ಮಿತಿ 500 ಮಿಲಿಆಂಪಿಯರ್. ಆ ಸೆಳೆತಕ್ಕೆ ವೋಲ್ಟೇಜ್ ಕುಸಿಯುತ್ತದೆ, ಮೋಡೆಮ್ ಮರುಪ್ರಾರಂಭವಾಗುತ್ತದೆ, ಮತ್ತೆ ಹುಡುಕುತ್ತದೆ, ಮತ್ತೆ ಕುಸಿಯುತ್ತದೆ. ಸಿಗ್ನಲ್ ದುರ್ಬಲವಾಗಿರುವ ಕೋಣೆಯಲ್ಲಿ ಮಾತ್ರ ಹೀಗಾದರೆ ಅನುಮಾನವೇ ಬೇಡ, ತೊಂದರೆ ಇಲ್ಲೇ ಇದೆ: ದೂರದ ಗೋಪುರಕ್ಕೆ ಮೋಡೆಮ್ ಜೋರಾಗಿ ಕೂಗಬೇಕಾಗುತ್ತದೆ.

ಪರಿಹಾರ: ಮೋಡೆಮ್‌ಗೆ ಬ್ಯಾಟರಿಯಿಂದಲೇ ಪ್ರತ್ಯೇಕ ದಾರಿ, ಅದರ ಪಕ್ಕದಲ್ಲೇ ದೊಡ್ಡ ಕೆಪಾಸಿಟರ್, ದಪ್ಪ ಮತ್ತು ಗಿಡ್ಡ ತಂತಿ. ಇಜಿ25-ಜಿಗೆ 3.3ರಿಂದ 4.3 ವೋಲ್ಟ್ ಬೇಕು. ಒಂದು ಲಿಥಿಯಂ ಕೋಶ ಕೊಡುವುದೂ ಸುಮಾರು ಅಷ್ಟೇ ಆದ್ದರಿಂದ ಈ ಜೋಡಿ ಚೆನ್ನಾಗಿ ಹೊಂದುತ್ತದೆ.

ಆ್ಯಂಟೆನಾ ಇಲ್ಲದೆ ಪರೀಕ್ಷೆಗೆಂದು ಒಮ್ಮೆ ಹಚ್ಚಿ ನೋಡಬಹುದೇ?

ಬೇಡ. ಆ್ಯಂಟೆನಾ ಜೋಡಿಸಿಯೇ ಹಚ್ಚಿ. ಮಂಡಲಿಯ ಮೇಲೆ ಸಾಸಿವೆ ಕಾಳಿನಂತೆ ಕಾಣುವ ಆ ಯು.ಎಫ್‌ಎಲ್ ಕನೆಕ್ಟರ್‌ನ ಬಾಳಿಕೆ ಸುಮಾರು 30 ಸಲ ಹಾಕಿ ತೆಗೆಯುವಷ್ಟು. ನೇರ ಮೇಲಿನಿಂದ ಒತ್ತಿ, ನೇರ ಮೇಲಕ್ಕೇ ಎತ್ತಿ. ಓರೆಯಾಗಿ ಎಳೆದ ನನಗೆ ಟಕ್ ಎಂಬ ಸಣ್ಣ ಸದ್ದು ಕೇಳಿಸಿತ್ತು. ಕೈಯಲ್ಲಿ ತಂತಿ, ತಂತಿಯ ತುದಿಯಲ್ಲಿ ಮಂಡಲಿಯಿಂದ ಕಿತ್ತುಬಂದ ಕನೆಕ್ಟರ್.

ಮೋಡೆಮ್ ಬದುಕಿದೆ ಎಂದು ತಿಳಿಯುವುದು ಹೇಗೆ?

ಜೋಡಿಸಿದಾಗ ಸಾಧಾರಣವಾಗಿ ಟಿಟಿವೈ-ಯುಎಸ್‌ಬಿ ಎಂಬ ಹೆಸರಿನ ಮೂರು ನಾಲ್ಕು ಸೀರಿಯಲ್ ಕಿಂಡಿಗಳು ಹುಟ್ಟಿಕೊಳ್ಳುತ್ತವೆ. ಅವುಗಳಲ್ಲಿ ಒಂದು ಆದೇಶ ಕೇಳುವ ಕಿಂಡಿ. ಮೇಲೆ ಹೇಳಿದ ಎರಡೂ ಮಾಡ್ಯೂಲ್‌ಗಳಲ್ಲಿ ಅದು ಸಾಮಾನ್ಯವಾಗಿ 2ನೇ ಸಂಖ್ಯೆಯದು. ಮಿನಿಕಾಮ್‌ನಂಥ ತಂತ್ರಾಂಶದಿಂದ ಅದನ್ನು ತೆರೆದು «ಎಟಿ» ಎಂದು ಒತ್ತಿ. «ಓಕೆ» ಎಂದು ಮರುನುಡಿ ಬಂದರೆ ಜೀವ ಇದೆ. ಕಿಂಡಿ ತೆರೆಯಲು ಅನುಮತಿ ಇಲ್ಲ ಎಂದರೆ ನಿಮ್ಮ ಬಳಕೆದಾರ ಹೆಸರನ್ನು ಡಯಲೌಟ್ ಗುಂಪಿಗೆ ಸೇರಿಸಬೇಕು.

ಈ ಎಟಿ ಎಂಬುದು «ಗಮನ ಕೊಡು» ಎಂಬರ್ಥದ ಇಂಗ್ಲಿಷ್ ಪದದ ಮೊದಲೆರಡು ಅಕ್ಷರ. 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್‌ನಿಂದ ಬಂದ ಭಾಷೆ ಇದು. ಗೋಡೆಯ ದೂರವಾಣಿ ತಂತಿಗೆಂದು ಹುಟ್ಟಿದ ನುಡಿ ಇಂದಿನ 4ಜಿ ಮಾಡ್ಯೂಲ್‌ನ ಒಳಗೂ ಬದುಕಿದೆ. ನನಗೆ ಇದರ ಮೇಲೆ ವಿಚಿತ್ರ ಅಕ್ಕರೆ.

ಮುಂದೆ ಮೂರು ಪ್ರಶ್ನೆ ಕೇಳಿ. ಎಟಿ+ಸಿಪಿಐಎನ್? ಎಂದರೆ ಸಿಮ್ ಸಿದ್ಧವೇ, ಪಿನ್ ಬೇಕೇ ಎಂದು ತಿಳಿಯುತ್ತದೆ. ಎಟಿ+ಸಿಎಸ್‌ಕ್ಯೂ ಎಂದರೆ ಸಿಗ್ನಲ್ ಮಟ್ಟವನ್ನು 0ಯಿಂದ 31ರವರೆಗಿನ ಸಂಖ್ಯೆಯಲ್ಲಿ ಹೇಳುತ್ತದೆ. 99 ಬಂದರೆ ಏನೂ ಸಿಗುತ್ತಿಲ್ಲ ಎಂದರ್ಥ. ಆ ಸಂಖ್ಯೆಯನ್ನು ಎರಡರಿಂದ ಗುಣಿಸಿ 113 ಕಳೆದರೆ ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಲೆಕ್ಕ ಸಿಗುತ್ತದೆ, 15 ಬಂದರೆ -83. ಎಟಿ+ಸಿಆರ್‌ಇಜಿ? ಎಂದಾಗ ಎರಡನೇ ಸಂಖ್ಯೆ 1 ಆದರೆ ಜಾಲ ನಿಮ್ಮನ್ನು ಒಪ್ಪಿದೆ, 5 ಆದರೆ ರೋಮಿಂಗ್‌ನಲ್ಲಿದ್ದೀರಿ, 2 ಆದರೆ ಇನ್ನೂ ಹುಡುಕಾಟ, 3 ಆದರೆ ಬಾಗಿಲು ಹಾಕಿದ್ದಾರೆ.

ಒಮ್ಮೆ ಉತ್ತರ ಬರುತ್ತದೆ, ಒಮ್ಮೆ ಅರ್ಧ ಉತ್ತರ, ಒಮ್ಮೆ ಏನೂ ಇಲ್ಲ. ಮೋಡೆಮ್ ಕೆಟ್ಟಿದೆಯೇ?

ಇಲ್ಲ. ಹಿನ್ನೆಲೆಯಲ್ಲಿ ಮೋಡೆಮ್‌ಮ್ಯಾನೇಜರ್ ಎಂಬ ಸೇವೆ ಅದೇ ಕಿಂಡಿಯಲ್ಲಿ ತನ್ನ ಪ್ರಶ್ನೆಗಳನ್ನು ಕೇಳುತ್ತಿದೆ. ನಿಮ್ಮ ಉತ್ತರವನ್ನು ಅದು ಓದಿಕೊಳ್ಳುತ್ತದೆ, ಅದರ ಉತ್ತರ ನಿಮಗೆ ಬರುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಕೈಯಿಂದ ಪರೀಕ್ಷಿಸುವಾಗ ಆ ಸೇವೆಯನ್ನು ನಿಲ್ಲಿಸಿ; ಮುಗಿದ ಮೇಲೆ ಮಿನಿಕಾಮ್ ಮುಚ್ಚಿ ಸೇವೆಯನ್ನು ಮತ್ತೆ ಆರಂಭಿಸಿ.

ಕರೆ ಮಾಡುವ ಆದೇಶ ಯಾವುದು? ನಾನು ಮಾಡಿದರೆ ಕೂಡಲೇ ಕಡಿದುಹೋಗುತ್ತದೆ.

ಎಟಿಡಿ, ಅದಕ್ಕೆ ಅಂಟಿಕೊಂಡು ಸಂಖ್ಯೆ, ಕೊನೆಗೆ ಅರ್ಧವಿರಾಮದ ಚಿಹ್ನೆ (;). ಕೂಡಲೇ ಕಡಿದುಹೋಗುತ್ತಿದ್ದರೆ ನೀವು ಮರೆತದ್ದು ಆ ಚಿಹ್ನೆಯನ್ನು. ಅದಿಲ್ಲದಿದ್ದರೆ ಇದು ಡೇಟಾ ಕರೆ ಎಂದುಕೊಳ್ಳುವ ಮೋಡೆಮ್ ಆ ತುದಿಯಲ್ಲಿ ಇನ್ನೊಂದು ಮೋಡೆಮ್ ಅನ್ನು ಹುಡುಕುತ್ತದೆ. ಬಂದ ಕರೆ ಎತ್ತಲು ಎಟಿಎ, ಇಡಲು ಎಟಿ+ಸಿಎಚ್‌ಯುಪಿ, ನಡೆಯುತ್ತಿರುವ ಕರೆಗಳ ಪಟ್ಟಿಗೆ ಎಟಿ+ಸಿಎಲ್‌ಸಿಸಿ. ಕರೆ ಯಾಕೆ ಕಡಿಯಿತು ಎಂದು ಮೋಡೆಮ್‌ನನ್ನೇ ಕೇಳಲು ಎಟಿ+ಸಿಇಇಆರ್. ಈ ಕೊನೆಯದು ಹೆಚ್ಚಿನವರಿಗೆ ಗೊತ್ತಿಲ್ಲ, ಗೊತ್ತಿದ್ದರೆ ಎಷ್ಟೋ ಗಂಟೆ ಉಳಿಯುತ್ತದೆ.

ಕರೆ ಹೋಗುತ್ತದೆ, ಆ ಕಡೆಯವರು ಎತ್ತುತ್ತಾರೆ, ಆದರೆ ಎರಡೂ ಕಡೆ ನಿಶ್ಶಬ್ದ. ಏನು ತಪ್ಪಾಗಿದೆ?

ಏನೂ ತಪ್ಪಾಗಿಲ್ಲ, ಎಲ್ಲರೂ ಇಲ್ಲಿಗೆ ಬಂದು ನಿಲ್ಲುತ್ತಾರೆ. ನನ್ನ ಮೊದಲ ಕರೆಯ ರಾತ್ರಿ ಮೇಜಿನ ಮೇಲಿದ್ದ ನನ್ನದೇ ಇನ್ನೊಂದು ಫೋನ್ ಥಟ್ಟನೆ ಹೊಡೆದುಕೊಂಡಾಗ ಕುರ್ಚಿಯಿಂದ ಎದ್ದೇ ಬಿಟ್ಟಿದ್ದೆ. ಎತ್ತಿ, ಒಬ್ಬನೇ ಕೂತು, ನನಗೆ ನಾನೇ ಹಲೋ ಎಂದೆ. ಪರದೆಯ ಮೇಲೆ ಕರೆಯ ಸೆಕೆಂಡುಗಳು ಓಡುತ್ತಿದ್ದವು, ಕಿವಿಗೆ ಮಾತ್ರ ಏನೂ ಇಲ್ಲ. ಹಲೋ ಹಲೋ ಎನ್ನುವುದು ಕೇಳಿ ಪಕ್ಕದ ಕೋಣೆಯಿಂದ ಅಣ್ಣ ಬಂದು ಬಾಗಿಲಲ್ಲಿ ನಿಂತು, «ಯಾರೊಡನೆ ಮಾತು?» ಎಂದು ಕೇಳಿದ. ಉತ್ತರ ಕೊಡುವುದು ಸುಲಭವಾಗಿರಲಿಲ್ಲ.

ನಡೆದದ್ದು ಇಷ್ಟು: ಮೋಡೆಮ್ ಒಂದು ಪ್ರತ್ಯೇಕ ಕಂಪ್ಯೂಟರ್ ಎಂದೆನಲ್ಲ, ಕರೆಯ ಧ್ವನಿ ಅದರೊಳಗೇ ಉಳಿದಿದೆ. ನಿಮ್ಮ ಸ್ಪೀಕರ್, ಮೈಕ್ ಇರುವುದು ಇನ್ನೊಂದು ಕಂಪ್ಯೂಟರಿನಲ್ಲಿ. ನಡುವೆ ಕಾಲುವೆ ತೋಡಬೇಕಾದವರು ನೀವು.

ಕಾಲುವೆ ಮೂರು ಬಗೆ. ಮೊದಲನೆಯದು, ಮೋಡೆಮ್‌ನ ಪಿಸಿಎಂ ತಂತಿಗಳನ್ನು ಕಂಪ್ಯೂಟರಿನ ಧ್ವನಿ ಚಿಪ್‌ಗೆ ನೇರ ಜೋಡಿಸುವುದು. ಪೈನ್‌ಫೋನ್‌ನಲ್ಲಿ ಹೀಗೇ ಇದೆ. ಒಮ್ಮೆ ಸರಿಹೋದರೆ ಇದಕ್ಕಿಂತ ಉತ್ತಮವಾದದ್ದಿಲ್ಲ, ಆದರೆ ಮಂಡಲಿ ವಿನ್ಯಾಸ ಮಾಡಿದವರು ಆ ತಂತಿಗಳನ್ನು ಎಳೆದಿರಬೇಕು. ಎರಡನೆಯದು, ಮೋಡೆಮ್ ತಾನೇ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಎಂದು ಕಾಣಿಸಿಕೊಳ್ಳುವುದು. ಇಜಿ25-ಜಿಯಲ್ಲಿ ಎಟಿ+ಕ್ಯುಪಿಸಿಎಂವಿ=1,2 ಎಂಬ ಆದೇಶ ಇದಕ್ಕೇ. ಆಮೇಲೆ ಲಿನಕ್ಸ್‌ನ ಧ್ವನಿ ತಂತ್ರಾಂಶಗಳಲ್ಲಿ ಅಲ್ಸಾಲೂಪ್ ಆಗಲಿ, ಪಲ್ಸ್‌ಆಡಿಯೊ ಅಥವಾ ಪೈಪ್‌ವೈರ್‌ನ ಲೂಪ್‌ಬ್ಯಾಕ್ (ಒಂದರ ಧ್ವನಿಯನ್ನು ಇನ್ನೊಂದಕ್ಕೆ ಹರಿಸುವ ಭಾಗ) ಆಗಲಿ ಎರಡು ಕಾರ್ಡ್‌ಗಳನ್ನು ಬೆಸೆಯುತ್ತದೆ. ನೆನಪಿಡಿ, ಬೆಸುಗೆ ಎರಡು ಬೇಕು: ಮೋಡೆಮ್‌ನಿಂದ ಸ್ಪೀಕರಿಗೆ ಒಂದು, ಮೈಕ್‌ನಿಂದ ಮೋಡೆಮ್‌ಗೆ ಇನ್ನೊಂದು. ಒಂದನ್ನೇ ಮಾಡಿ, ನಿಮಗೆ ಕೇಳಿಸುತ್ತಿದೆ ಎಂಬ ಖುಷಿಯಲ್ಲಿ ಮಾತನಾಡುತ್ತಲೇ ಹೋದರೆ ಆ ಕಡೆಯವರು ಫೋನ್ ಇಟ್ಟುಬಿಡುತ್ತಾರೆ.

ಮೂರನೆಯದು ಸೀರಿಯಲ್ ಕಿಂಡಿಯಲ್ಲಿ ಹಸಿ ಧ್ವನಿ. ಸಿಮ್7600ರಲ್ಲಿ ಕರೆ ಕೂಡಿದ ಮೇಲೆ ಎಟಿ+ಸಿಪಿಸಿಎಂಆರ್‌ಇಜಿ=1 ಎಂದರೆ ಒಂದು ಕಿಂಡಿಯಿಂದ ಸೆಕೆಂಡಿಗೆ 8000 ಮಾದರಿಗಳಂತೆ, ತಲಾ 16 ಬಿಟ್, ಧ್ವನಿ ಸುರಿಯುತ್ತದೆ. ಅದನ್ನು ಓದಿ ನುಡಿಸುವ, ಮೈಕ್‌ನದನ್ನು ಬರೆಯುವ ಸಣ್ಣ ಪ್ರೋಗ್ರಾಂ ನಿಮ್ಮದೇ ಜವಾಬ್ದಾರಿ. ಕರೆ ಮುಗಿದಾಗ ಇದನ್ನು 0 ಮಾಡಿ ಮುಚ್ಚುವುದನ್ನು ಮರೆಯಬೇಡಿ.

ಧ್ವನಿ ಬಂತು, ಆದರೆ ಎಲ್ಲರೂ ಗುಬ್ಬಚ್ಚಿಯಂತೆ ಚಿಲಿಪಿಲಿ ಮಾತನಾಡುತ್ತಾರೆ.

8000 ಮಾದರಿಯ ಧ್ವನಿಯನ್ನು 16000 ಎಂದು ನುಡಿಸುತ್ತಿದ್ದೀರಿ. ರಾಕ್ಷಸನಂತೆ ಎಳೆದೆಳೆದು ಕೇಳಿಸಿದರೆ ಇದರ ತಿರುವು. ಎರಡೂ ಕಡೆ ಒಂದೇ ಸಂಖ್ಯೆ ಇಡಿ.

ಮೊದಲು ಚೆನ್ನಾಗಿರುತ್ತದೆ, ಹತ್ತು ನಿಮಿಷದ ಮೇಲೆ ಚಟಪಟ ಸದ್ದು ಶುರುವಾಗುತ್ತದೆ.

ಮೋಡೆಮ್‌ನ ಗಡಿಯಾರ ಬೇರೆ, ನಿಮ್ಮ ಧ್ವನಿ ಚಿಪ್‌ನ ಗಡಿಯಾರ ಬೇರೆ. ಎರಡರ ನಡುವೆ ಹತ್ತು ಲಕ್ಷಕ್ಕೆ 50 ಪಾಲಿನಷ್ಟು ವ್ಯತ್ಯಾಸವಿದ್ದರೂ ಹತ್ತು ನಿಮಿಷಕ್ಕೆ 30 ಮಿಲಿಸೆಕೆಂಡಿನ ಧ್ವನಿ ಹೆಚ್ಚಾಗಿ ಉಳಿಯುತ್ತದೆ ಅಥವಾ ಕಡಿಮೆ ಬೀಳುತ್ತದೆ. ಧ್ವನಿ ಕಾದಿರುವ ಜಾಗ, ಅಂದರೆ ಬಫರ್, ಚಿಕ್ಕದಾಗಿದ್ದರೆ ಆಗ ಚಟಪಟ. ಸುಮ್ಮನೆ ಒಂದರಿಂದ ಓದಿ ಇನ್ನೊಂದಕ್ಕೆ ಸುರಿಯುವ ಪೈಪ್ ಇದನ್ನು ಸರಿಮಾಡಲಾರದು. ವೇಗವನ್ನು ಅಷ್ಟಷ್ಟೇ ಹೊಂದಿಸಿಕೊಳ್ಳುವ ಲೂಪ್‌ಬ್ಯಾಕ್ ಬಳಸಬೇಕು.

ಆ ಕಡೆಯವರಿಗೆ ಅವರದೇ ಮಾತು ತಿರುಗಿ ಕೇಳಿಸುತ್ತದೆಯಂತೆ.

ನಿಮ್ಮ ಸ್ಪೀಕರಿನ ಸದ್ದು ನಿಮ್ಮ ಮೈಕ್‌ಗೆ ಹೋಗುತ್ತಿದೆ. ಅಂಗೈ ಕಂಪ್ಯೂಟರುಗಳಲ್ಲಿ ಇವೆರಡೂ ಅಕ್ಕಪಕ್ಕ ಇರುವುದರಿಂದ ಇದು ತಪ್ಪದು. ಪಲ್ಸ್‌ಆಡಿಯೊದಲ್ಲಿ ಪ್ರತಿಧ್ವನಿ ತೆಗೆಯುವ ಭಾಗ ಇದೆ, ವೆಬ್‌ಆರ್‌ಟಿಸಿ ವಿಧಾನ ಆರಿಸಿದರೆ ಮಟ್ಟಸವಾಗಿ ಕೆಲಸ ಮಾಡುತ್ತದೆ. ಇನ್ನೂ ಸುಲಭದ ಮದ್ದು ಇಯರ್‌ಫೋನ್. ಅದರಲ್ಲಿ ಮೈಕ್ ಕೆಲಸ ಮಾಡದಿದ್ದರೆ ಪ್ಲಗ್‌ನ ಉಂಗುರಗಳನ್ನು ಅನುಮಾನಿಸಿ: ಸಿಟಿಐಎ ಪದ್ಧತಿಯಲ್ಲಿ ಮೈಕ್ ಬುಡದ ಉಂಗುರದಲ್ಲಿ, ಒಎಂಟಿಪಿ ಪದ್ಧತಿಯಲ್ಲಿ ಅದರ ಮೇಲಿನದರಲ್ಲಿ.

ಮಾತಿನ ಹಿಂದೆ ದುಂಬಿಯಂಥ ಝೇಂಕಾರ. ಎಲ್ಲಿಂದ?

2ಜಿ ಕರೆಯೇ? ಹಾಗಿದ್ದರೆ ಅದು 217 ಹರ್ಟ್ಸ್‌ನ ಸದ್ದು. ಜಿಎಸ್ಎಂ ಮೋಡೆಮ್ ಪ್ರತಿ 4.615 ಮಿಲಿಸೆಕೆಂಡಿಗೆ ಒಮ್ಮೆ ತನ್ನ ಸರದಿಯಲ್ಲಿ ಪ್ರಸಾರ ಮಾಡುತ್ತದೆ. ಆ ಬಡಿತ ವಿದ್ಯುತ್ ದಾರಿಯಿಂದಲೋ ಗಾಳಿಯಿಂದಲೋ ಮೈಕ್‌ನ ತಂತಿಗೆ ನುಸುಳುತ್ತದೆ. ರೇಡಿಯೊದ ಪಕ್ಕ ಫೋನ್ ಇಟ್ಟಾಗ ಕರೆ ಬರುವ ಮೊದಲೇ ಟಿರಿಟಿರಿ ಎನ್ನುತ್ತಿತ್ತಲ್ಲ, ಅದರ ಮನೆತನದ್ದೇ. ನಿಯೊ ಫ್ರೀರನ್ನರ್ ಕೊಂಡವರು ಈ ಝೇಂಕಾರ ಅಡಗಿಸಲು ಬೆಸುಗೆ ಕಡ್ಡಿ ಹಿಡಿದು ಕೆಪಾಸಿಟರ್ ಹಾಕಿಸಿಕೊಳ್ಳಬೇಕಾಯಿತು. ಮೈಕ್ ತಂತಿಯನ್ನು ಆ್ಯಂಟೆನಾದಿಂದ ದೂರ ಸರಿಸಿ, ಕವಚವಿರುವ ತಂತಿ ಬಳಸಿ. 4ಜಿ ಕರೆಯಲ್ಲಿ ಈ ಕಾಟ ಬಹುಮಟ್ಟಿಗೆ ಇಲ್ಲ.

ಇಂಟರ್‌ನೆಟ್ ಓಡುತ್ತದೆ, ಸಿಗ್ನಲ್ ಪೂರ್ತಿ ಇದೆ, ಕರೆ ಮಾತ್ರ ಹೋಗುವುದಿಲ್ಲ.

ಇದು ವೋಲ್ಟಿಯ ಸಮಸ್ಯೆ. 4ಜಿ ಜಾಲದಲ್ಲಿ ಹಳೆಯ ಅರ್ಥದ ಧ್ವನಿ ಕರೆ ಎಂಬುದೇ ಇಲ್ಲ, ಎಲ್ಲವೂ ಡೇಟಾ. ಆದ್ದರಿಂದ ಕರೆ ಬಂದಾಗ ಮೋಡೆಮ್ ಕ್ಷಣಕಾಲ 3ಜಿಗೋ 2ಜಿಗೋ ಇಳಿದು ಮಾತು ಮುಗಿಸಿ ಮೇಲೆ ಬರುತ್ತಿತ್ತು. ಈಗ ಹಲವೆಡೆ ಆ ಕೆಳಗಿನ ಮೆಟ್ಟಿಲುಗಳನ್ನೇ ಕಿತ್ತಿದ್ದಾರೆ. ಉಳಿದ ದಾರಿ ವೋಲ್ಟಿ ಮಾತ್ರ: ಕರೆಯನ್ನೂ ಡೇಟಾ ಪ್ಯಾಕೆಟ್‌ಗಳಾಗಿ, ಐಎಂಎಸ್ ಎಂಬ ವ್ಯವಸ್ಥೆಯ ಮೂಲಕ ಕಳಿಸುವುದು.

ಅದಕ್ಕೆ ಮೂರು ಜನ ಒಪ್ಪಬೇಕು. ಮೋಡೆಮ್‌ನ ಫರ್ಮ್‌ವೇರ್‌ಗೆ (ಒಳಗಿನ ತಂತ್ರಾಂಶಕ್ಕೆ) ವೋಲ್ಟಿ ಬರಬೇಕು. ನಿಮ್ಮ ಸಿಮ್ ಕಂಪನಿಗೆ ತಕ್ಕ ಪ್ರೊಫೈಲ್ (ಹೊಂದಿಕೆಯ ಕಡತ) ಅದರೊಳಗೆ ಇರಬೇಕು. ಕಂಪನಿ ನಿಮ್ಮ ಉಪಕರಣವನ್ನು ಒಪ್ಪಬೇಕು. ಕ್ವೆಕ್ಟೆಲ್‌ನಲ್ಲಿ ಪ್ರೊಫೈಲ್‌ಗಳ ಪಟ್ಟಿಯನ್ನು ಎಟಿ+ಕ್ಯುಎಂಬಿಎನ್‌ಸಿಎಫ್‌ಜಿ ಆದೇಶದಿಂದ ನೋಡಬಹುದು, ತಾನಾಗಿ ಆರಿಸಿಕೊಳ್ಳುವಂತೆಯೂ ಮಾಡಬಹುದು. ನಿಮ್ಮ ಕಂಪನಿಯ ಹೆಸರು ಪಟ್ಟಿಯಲ್ಲಿಲ್ಲದಿದ್ದರೆ ಸಾಮಾನ್ಯ ವಾಣಿಜ್ಯ ಪ್ರೊಫೈಲ್ ಒಂದನ್ನು ಆರಿಸಿ ನೋಡಿ, ಎಷ್ಟೋ ಸಲ ಸಾಕಾಗುತ್ತದೆ.

ಮೂರನೆಯವರ ಒಪ್ಪಿಗೆ ಮಾತ್ರ ನಮ್ಮ ಕೈಯಲ್ಲಿಲ್ಲ. ಕೆಲವು ಕಂಪನಿಗಳು ತಾವು ಪರೀಕ್ಷಿಸಿದ ಮಾದರಿಗಳ ಪಟ್ಟಿ ಇಟ್ಟುಕೊಂಡು, ಐಎಂಇಐ (ಉಪಕರಣದ ಗುರುತಿನ ಸಂಖ್ಯೆ) ನೋಡಿ ಬಾಗಿಲು ತೆಗೆಯುತ್ತವೆ. ಮೋಡೆಮ್‌ಗೆ ಬರುತ್ತದೆ, ಜಾಲದಲ್ಲಿ ಇದೆ, ಪಟ್ಟಿಯಲ್ಲಿ ಹೆಸರಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಆದ್ದರಿಂದ ಮೋಡೆಮ್ ಕೊಳ್ಳುವ ಮೊದಲೇ ಅದೇ ಮಾಡ್ಯೂಲ್, ಅದೇ ಕಂಪನಿಯ ಸಿಮ್ ಬಳಸಿ ಯಾರಾದರೂ ಮಾತನಾಡಿದ್ದಾರೆಯೇ ಎಂದು ವಿಚಾರಿಸಿ. ಇಡೀ ಪುಟದಲ್ಲಿ ಒಂದೇ ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ.

ವೋಲ್ಟಿ ಒಲಿದರೆ ಲಾಭ ಇದೆ: ಹಳೆಯ ಕರೆ 300ರಿಂದ 3400 ಹರ್ಟ್ಸ್ ಮಾತ್ರ ಒಯ್ಯುತ್ತಿತ್ತು, ವೋಲ್ಟಿ ಬಳಸುವ ಎಎಂಆರ್ ವೈಡ್‌ಬ್ಯಾಂಡ್ ಎಂಬ ಧ್ವನಿ ಪದ್ಧತಿ 7000ದವರೆಗೆ ಹೋಗುತ್ತದೆ. ಸ-ಶ-ಫ ವ್ಯತ್ಯಾಸ ಫೋನಿನಲ್ಲೂ ಕೇಳಿಸುತ್ತದೆ.

ಕಂಪ್ಯೂಟರ್ ನಿದ್ದೆಯಲ್ಲಿದ್ದಾಗ ಕರೆ ಬಂದರೆ ಏಳುತ್ತದೆಯೇ?

ಏಳಿಸಿದರೆ ಏಳುತ್ತದೆ. ಮೋಡೆಮ್ ತಾನು ಎಚ್ಚರವಾಗಿರುತ್ತದೆ, ಕೆಲವೇ ಮಿಲಿಆಂಪಿಯರ್ ಬಳಸಿಕೊಂಡು ಗೋಪುರದ ಕರೆಗೆ ಕಿವಿಗೊಟ್ಟಿರುತ್ತದೆ. ಕರೆ ಬಂದಾಗ ಆರ್‌ಐ ಎಂಬ ಪಿನ್ ಅನ್ನು ಮಿಡಿಯುತ್ತದೆ. ಆ ಪಿನ್ ನಿಮ್ಮ ಪ್ರೊಸೆಸರಿನ ಎಚ್ಚರಿಸುವ ಪಿನ್‌ಗಳಲ್ಲಿ ಒಂದಕ್ಕೆ ಜೋಡಣೆಯಾಗಿರಬೇಕು, ಲಿನಕ್ಸ್‌ನ ತಿರುಳಾದ ಕರ್ನಲ್‌ಗೂ ಅದು ಗೊತ್ತಿರಬೇಕು. ಯುಎಸ್‌ಬಿ ತಂತಿ ಮಾತ್ರ ಇರುವ ಹೊರಗಿನ ಡಾಂಗಲ್‌ನಲ್ಲಿ ಇದು ಯುಎಸ್‌ಬಿಯ ದೂರದ ಎಚ್ಚರಿಕೆಯ ಮೇಲೆ ನಿಂತಿದೆ, ಅದನ್ನು ಬೆಂಬಲಿಸದ ಮಂಡಲಿಗಳೂ ಇವೆ.

ಎದ್ದ ಮೇಲಿನ ಕಥೆಯೇ ಕಷ್ಟದ್ದು. ನಿದ್ದೆಯಲ್ಲಿ ಯುಎಸ್‌ಬಿಯ ವಿದ್ಯುತ್ ಕಡಿದಿದ್ದರೆ, ಎದ್ದಾಗ ಮೋಡೆಮ್ ಹೊಸದಾಗಿ ಬಂದ ನೆಂಟನಂತೆ ಮತ್ತೆ ಪರಿಚಯ ಹೇಳಿಕೊಳ್ಳುತ್ತದೆ. ಮೋಡೆಮ್‌ಮ್ಯಾನೇಜರ್ ಮತ್ತೆ ಕಿಂಡಿ ಕಿಂಡಿ ತಡವುತ್ತದೆ. ಅಷ್ಟು ಹೊತ್ತಿಗೆ ಕರೆ ಮಾಡಿದವರು ಬೇಸತ್ತಿರುತ್ತಾರೆ. ನಾನು ಎಣಿಸಿದ್ದೇನೆ: ಆ ತುದಿಯಲ್ಲಿ ನಾಲ್ಕು ರಿಂಗ್ ಆದ ಮೇಲೆ ನನ್ನ ಪರದೆ ಬೆಳಗಿತು, ಐದನೆಯದಕ್ಕೆ ಸಂಖ್ಯೆ ಕಾಣಿಸಿತು, ಆರನೆಯದಕ್ಕೆ ಸದ್ದು ಬಂತು. ನಿದ್ದೆಯಲ್ಲೂ ಮೋಡೆಮ್‌ನ ವಿದ್ಯುತ್ ಕಡಿಯದಂತೆ ಕರ್ನಲ್‌ಗೆ ಹೇಳಿದ ಮೇಲೆ ಎರಡನೇ ರಿಂಗ್‌ಗೆ ಇಳಿಯಿತು. ಸಾಕು ಎಂದು ಕೈಬಿಟ್ಟೆ.

ನಿದ್ದೆಯೇ ಬೇಡ, ಪರದೆ ಮಾತ್ರ ಆರಿಸುತ್ತೇನೆ ಎಂದರೆ ಕರೆಗಳು ತಪ್ಪುವುದಿಲ್ಲ, ಬ್ಯಾಟರಿ ಸಂಜೆಯವರೆಗೆ ಬರುವುದಿಲ್ಲ.

ಕರೆ ಮಾಡಲು ಒಳ್ಳೆಯ ಆ್ಯಪ್ ಯಾವುದು?

ಅಡಿಯಲ್ಲಿ ಮೋಡೆಮ್‌ಮ್ಯಾನೇಜರ್ ಅಥವಾ ಒಫೋನೊ, ಎರಡರಲ್ಲಿ ಒಂದು ಇರುತ್ತದೆ. ಒಫೋನೊ 2009ರಲ್ಲಿ ಇಂಟೆಲ್ ಮತ್ತು ನೋಕಿಯಾ ಆರಂಭಿಸಿದ್ದು. ಫೋನಿಗೆಂದಿರುವ ಲಿನಕ್ಸ್ ವ್ಯವಸ್ಥೆಗಳಲ್ಲಿ ಸೈಲ್‌ಫಿಶ್, ಉಬುಂಟು ಟಚ್ ಅದನ್ನು ಬಳಸುತ್ತವೆ. ಪೋಸ್ಟ್‌ಮಾರ್ಕೆಟ್‌ಒಎಸ್, ಮೊಬಿಯನ್ ಮೋಡೆಮ್‌ಮ್ಯಾನೇಜರ್ ಕಡೆ. ಅದರ ಮೇಲೆ ಗ್ನೋಮ್ ಕಾಲ್ಸ್ ಅಥವಾ ಪ್ಲಾಸ್ಮಾ ಡಯಲರ್ ಆ್ಯಪ್ ಹಾಕಿಕೊಳ್ಳಿ (ಗ್ನೋಮ್, ಪ್ಲಾಸ್ಮಾ ಎಂಬುವು ಲಿನಕ್ಸ್‌ನ ಎರಡು ಪರದೆ ವ್ಯವಸ್ಥೆಗಳು). ಗಮನಿಸಿ, ಮೋಡೆಮ್‌ಮ್ಯಾನೇಜರ್ ಕರೆಯನ್ನು ನೋಡಿಕೊಳ್ಳುತ್ತದೆಯೇ ಹೊರತು ಧ್ವನಿಯ ಕಾಲುವೆಯನ್ನಲ್ಲ. ಕರೆ ಶುರುವಾದಾಗ ಧ್ವನಿಯ ದಾರಿ ಬದಲಿಸುವ ಕೆಲಸ ಕಾಲ್‌ಆಡಿಯೋಡಿ ಎಂಬ ಇನ್ನೊಂದು ಸೇವೆಯದು. ಒಂದು ಫೋನ್ ಕರೆಗೆ ಇಷ್ಟೊಂದು ತಂತ್ರಾಂಶಗಳು! ಸರಿಯಾಗಿ ಜೋಡಿಸಿದರೆ ಹೊರಗೆ ಕಾಣುವುದು ಒಂದು ಹಸಿರು ಗುಂಡಿ.

ಎಸ್ಎಂಎಸ್ ಹೇಗೆ? ಕನ್ನಡದಲ್ಲಿ ಕಳಿಸಬಹುದೇ?

ಕರೆಗಿಂತ ಎಷ್ಟೋ ಸುಲಭ, ಧ್ವನಿಯ ಗೊಡವೆ ಇಲ್ಲವಲ್ಲ. ಗ್ನೋಮ್ ಕಡೆಯವರಿಗೆ ಚ್ಯಾಟಿ, ಪ್ಲಾಸ್ಮಾ ಕಡೆಯವರಿಗೆ ಸ್ಪೇಸ್‌ಬಾರ್ ಇದೆ. ಕನ್ನಡ ಸಲೀಸಾಗಿ ಹೋಗುತ್ತದೆ. ಆದರೆ ರೋಮನ್ ಅಕ್ಷರಗಳಲ್ಲಿ ಒಂದು ಸಂದೇಶಕ್ಕೆ 160 ಹಿಡಿಸಿದರೆ ಕನ್ನಡ ಸಾಮಾನ್ಯವಾಗಿ ಯುಸಿಎಸ್-2 ರೂಪದಲ್ಲಿ ಹೋಗುವುದರಿಂದ 70 ಮಾತ್ರ, ಸಂದೇಶ ಉದ್ದವಾಗಿ ತುಂಡಾದರೆ ತುಂಡಿಗೆ 67. ಅದೂ ನಾವು ಎಣಿಸುವ ಅಕ್ಷರಗಳಲ್ಲ, ಯುನಿಕೋಡ್ ಎಣಿಕೆ: «ಕ್ಷ» ಎಂಬ ಒಂದೇ ಅಕ್ಷರ ಕ, ಅರ್ಧಾಕ್ಷರದ ಚಿಹ್ನೆ, ಷ ಎಂದು ಮೂರು ಜಾಗ ತಿನ್ನುತ್ತದೆ. ಎಂಎಂಎಸ್‌ನ ಗೋಜಿಗೆ ನಾನು ಹೋಗಿಲ್ಲ.

ತುರ್ತು ಕರೆಗೆ ಇದನ್ನು ನಂಬಬಹುದೇ?

ಬೇಡ. 112 ಒತ್ತಿದರೆ ಹೋಗಬಹುದು, ಆದರೆ ಆ ಹೊತ್ತಿಗೆ ಸರಿಯಾಗಿ ಧ್ವನಿಯ ಸೇವೆ ಬಿದ್ದಿರಲೂಬಹುದು. ಪರೀಕ್ಷಿಸಲೆಂದು ತುರ್ತು ಸಂಖ್ಯೆಗೆ ಕರೆ ಮಾಡುವುದು ಎಲ್ಲ ಕಡೆಯೂ ತಪ್ಪು. ಮನೆಯಲ್ಲಿ ವಯಸ್ಸಾದವರೋ ಮಕ್ಕಳೋ ಇದ್ದರೆ ಸಾಧಾರಣ ಫೋನ್ ಒಂದು ಚಾರ್ಜ್ ಆಗಿ ಇರಲಿ.

ಮೋಡೆಮ್‌ನ ಒಳಗಿನ ತಂತ್ರಾಂಶವೂ ಮುಕ್ತವಾಗಿದೆಯೇ? ಐಎಂಇಐ ಬದಲಿಸಬಹುದೇ?

ಮುಕ್ತವಲ್ಲ. ರೇಡಿಯೊ ಭಾಗದ ಫರ್ಮ್‌ವೇರ್ ಮುಚ್ಚಿದ ಪೆಟ್ಟಿಗೆ. ಸಮಾಧಾನವೆಂದರೆ ಯುಎಸ್‌ಬಿಯ ಆಚೆ ಕೂತಿರುವ ಮೋಡೆಮ್‌ಗೆ ನಿಮ್ಮ ಕಂಪ್ಯೂಟರಿನ ಮೆಮೊರಿಗೆ ನೇರ ಕೈ ಹಾಕಲು ಬರುವುದಿಲ್ಲ, ಬೇಡವೆನಿಸಿದಾಗ ಅದರ ವಿದ್ಯುತ್ತನ್ನೇ ಕಡಿಯಬಹುದು. ಲಿಬ್ರೆಮ್ 5ರಲ್ಲಿ ಅದಕ್ಕೆಂದೇ ಗುಂಡಿ ಇದೆ. ಐಎಂಇಐ ಬದಲಿಸುವುದು ಹಲವು ದೇಶಗಳಲ್ಲಿ ಅಪರಾಧ. ಅದನ್ನು ಮಾಡುವ ಬಗೆಯನ್ನು ನಾನು ಬರೆಯುವುದಿಲ್ಲ.

ಇಷ್ಟೆಲ್ಲ ರಗಳೆ ಇಲ್ಲದೆ ಮಾತನಾಡುವ ದಾರಿ ಇಲ್ಲವೇ?

ಎರಡಿವೆ. ಜೇಬಿನಲ್ಲಿ ಹೇಗೂ ಒಂದು ಫೋನ್ ಇದ್ದರೆ ಬ್ಲೂಟೂತ್‌ನಿಂದ ಅದಕ್ಕೆ ನಿಮ್ಮ ಕಂಪ್ಯೂಟರನ್ನು ಹ್ಯಾಂಡ್ಸ್‌ಫ್ರೀ ಎಂದು ಪರಿಚಯಿಸಿ. ಒಫೋನೊ ಆ ಫೋನನ್ನೇ ಒಂದು ಮೋಡೆಮ್‌ನಂತೆ ಕಾಣುತ್ತದೆ. ಕಾರಿನಲ್ಲಿ ನಡೆಯುವುದು ಇದೇ. ವೋಲ್ಟಿಯ ತಲೆನೋವು ಫೋನಿನದು, ನಿಮ್ಮದಲ್ಲ. ಇಲ್ಲವೇ ಎಸ್ಐಪಿ ಖಾತೆ ತೆರೆದು ಇಂಟರ್‌ನೆಟ್ ಮೂಲಕ ಮಾತನಾಡಿ; ಗ್ನೋಮ್ ಕಾಲ್ಸ್ ಎಸ್ಐಪಿಯನ್ನೂ ಬಲ್ಲದು, ಲಿನ್‌ಫೋನ್ ಇದೆ. ಧ್ವನಿ ಬರದ ಮೋಡೆಮ್ ಕೊಂಡು ಪೇಚಾಡುತ್ತಿರುವವರಿಗೆ ಇದೇ ಬಿಡುಗಡೆ.

ನೀವು ಇದನ್ನೇ ದಿನವೂ ಬಳಸುತ್ತೀರಾ?

ಹೊರಹೋಗುವ ಕರೆಗೆ ಹೌದು. ಕೀಲಿಮಣೆಯಲ್ಲಿ ಹೆಸರಿನ ಎರಡಕ್ಷರ ಒತ್ತಿ ಕರೆ ಮಾಡುವ ಸುಖವೇ ಬೇರೆ. ಒಳಬರುವ ಮುಖ್ಯ ಕರೆಗಳಿಗೆ ಇನ್ನೊಂದು ಫೋನ್ ಇಟ್ಟುಕೊಂಡಿದ್ದೇನೆ. ಇಟ್ಟಿಗೆಯಷ್ಟು ದಪ್ಪದ ಪೆಟ್ಟಿಗೆಯನ್ನು ಕಿವಿಗೆ ಹಿಡಿದು ರಸ್ತೆಯಲ್ಲಿ ನಡೆಯುವಾಗ ಜನ ತಿರುಗಿ ನೋಡುತ್ತಾರೆ, ಅದಕ್ಕೂ ಸಿದ್ಧರಿರಿ.

ಸಹಾಯ ಕೇಳುವ ಮೊದಲು ಏನೇನು ಬರೆದಿಟ್ಟುಕೊಳ್ಳಬೇಕು?

ಮಾಡ್ಯೂಲ್‌ನ ಪೂರ್ಣ ಹೆಸರು, ಕೊನೆಯ ಅಕ್ಷರಗಳೂ ಸೇರಿ. ಎಟಿಐ ಎಂದಾಗ ಬರುವ ಫರ್ಮ್‌ವೇರ್ ಆವೃತ್ತಿ. ಮೇಲೆ ಹೇಳಿದ ಸಿಪಿಐಎನ್, ಸಿಎಸ್‌ಕ್ಯೂ, ಸಿಆರ್‌ಇಜಿ ಮೂರರ ಉತ್ತರ, ಕರೆ ಕಡಿದ ಕೂಡಲೇ ಕೇಳಿದ ಸಿಇಇಆರ್‌ನ ಉತ್ತರ. ಧ್ವನಿಯ ಕಾಲುವೆ ಮೂರು ಬಗೆಯಲ್ಲಿ ಯಾವುದು, ಸಿಮ್ ಕಂಪನಿ ಯಾವುದು, ಅಲ್ಲಿ 2ಜಿ-3ಜಿ ಉಳಿದಿದೆಯೇ. «ಕೆಲಸ ಮಾಡುತ್ತಿಲ್ಲ» ಎಂದಷ್ಟೇ ಬರೆದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ಇನ್ನೊಬ್ಬರಿಗೆ ಕಳಿಸುವ ಮುನ್ನ ಅದರಲ್ಲಿರುವ 15 ಅಂಕಿಯ ಐಎಂಇಐ ಮತ್ತು ಸಿಮ್ ಸಂಖ್ಯೆಯನ್ನು ಅಳಿಸಿ.